ಟೇಲ್‌ವಿಂಡ್ ಕ್ಲಾಸ್‌ಗಳಿಗೆ ಕಾವಲು: ಪ್ರೆಟಿಯರ್, ಇಎಸ್‌ಲಿಂಟ್, ಬಯೋಮ್ ಮೂರನ್ನೂ ಬಳಸಿ ನೋಡಿದ ಮೇಲೆ

ಟೇಲ್‌ವಿಂಡ್ ಎಂದರೆ ಸಿದ್ಧ ಕ್ಲಾಸ್‌ಗಳನ್ನು (ಒಂದೊಂದು ಸ್ಟೈಲ್‌ಗೆ ಒಂದೊಂದು ಚಿಕ್ಕ ಹೆಸರು) ಜೋಡಿಸಿ ವೆಬ್ ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್ ಚೌಕಟ್ಟು. ಅದರಲ್ಲಿ ಒಂದು ಸಾಧಾರಣ ಬಟನ್‌ಗೂ ಹದಿನೈದು ಇಪ್ಪತ್ತು ಕ್ಲಾಸ್‌ಗಳು ಅಂಟಿಕೊಳ್ಳುತ್ತವೆ. ಒಬ್ಬರು ಬಣ್ಣದಿಂದ ಶುರುಮಾಡುತ್ತಾರೆ, ಇನ್ನೊಬ್ಬರು ಪ್ಯಾಡಿಂಗ್‌ನಿಂದ. ಬ್ರೌಸರ್‌ಗೆ ಈ ಕ್ರಮದಿಂದ ಆಗಬೇಕಾದದ್ದು ಏನೂ ಇಲ್ಲ. ಕಷ್ಟವೆಲ್ಲ ಪುಲ್ ರಿಕ್ವೆಸ್ಟ್ (ಪರಿಶೀಲನೆಗೆ ಕಳುಹಿಸಿದ ಕೋಡ್ ಬದಲಾವಣೆ) ಓದುವವರದು. ರಿಯಾಕ್ಟ್ ಪ್ರಾಜೆಕ್ಟ್ ಒಂದನ್ನು ಟೇಲ್‌ವಿಂಡ್ 3ರಿಂದ 4ಕ್ಕೆ ಸಾಗಿಸುವ ಹೊತ್ತಿನಲ್ಲಿ ಈ ಕೆಲಸಕ್ಕೆಂದೇ ಇರುವ ಸಾಧನಗಳನ್ನು ಒಂದೊಂದಾಗಿ ಹಾಕಿ, ತೆಗೆದು ನೋಡಿದೆ. ಕ್ಲಾಸ್‌ಗಳನ್ನು ಸಾಲಾಗಿ ನಿಲ್ಲಿಸುವುದು ಒಂದು ಕೆಲಸ, ಅವು ಸರಿಯಾಗಿವೆಯೇ ಎಂದು ನೋಡುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ಸಾಧನದ ತಲೆಗೆ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು, ಕೋಡ್ ಅನ್ನು ಒಂದೇ ರೀತಿಯಲ್ಲಿ ಜೋಡಿಸಿಡುವ ಪ್ರೆಟಿಯರ್‌ನ ಟೇಲ್‌ವಿಂಡ್ ಪ್ಲಗಿನ್. ಟೇಲ್‌ವಿಂಡ್ ತಂಡವೇ 2022ರ ಜನವರಿಯಲ್ಲಿ ಹೊರತಂದದ್ದು. ಟೇಲ್‌ವಿಂಡ್ ತಾನು ತಯಾರಿಸುವ ಸಿಎಸ್‌ಎಸ್‌ನಲ್ಲಿ ನಿಯಮಗಳು ಯಾವ ಕ್ರಮದಲ್ಲಿ ಬರುತ್ತವೆಯೋ ಅದೇ ಕ್ರಮಕ್ಕೆ ಇದು ಕ್ಲಾಸ್‌ಗಳನ್ನು ತರುತ್ತದೆ. ಹೋವರ್, ಫೋಕಸ್ ಮುಂತಾದವು ಸರಳ ಕ್ಲಾಸ್‌ಗಳ ನಂತರ, ಪರದೆಯ ಅಳತೆಗೆ ಸಂಬಂಧಿಸಿದವು ಕೊನೆಗೆ. ಎರಡು ಬಾರಿ ಬರೆದದ್ದನ್ನೂ ಹೆಚ್ಚುವರಿ ಖಾಲಿ ಜಾಗವನ್ನೂ ತೆಗೆಯುತ್ತದೆ. ಕ್ರಮವನ್ನು ನಮಗೆ ಬೇಕಾದಂತೆ ಬದಲಿಸುವ ಆಯ್ಕೆಯೇ ಇಲ್ಲ, ಅದರಿಂದ ತಂಡದಲ್ಲಿ ಚರ್ಚೆಯೂ ಇಲ್ಲ. ನನಗೆ ಅದು ದೊಡ್ಡ ನೆಮ್ಮದಿ.

ಇದರದೊಂದು ಸ್ವಭಾವ ನನಗೆ ಬಹಳ ಹಿಡಿಸಿತು. ತನಗೆ ಗುರುತಿಲ್ಲದ ಕ್ಲಾಸ್ ಕಂಡರೆ ಅದನ್ನು ಸಾಲಿನ ಮುಂಭಾಗಕ್ಕೆ ತಳ್ಳುತ್ತದೆ. ‘ಜಸ್ಟಿಫೈ-ಬಿಟ್ವೀನ್’ ಬರೆಯುವಾಗ ಒಂದು ಅಕ್ಷರ ಬಿಟ್ಟು ಸೇವ್ ಮಾಡಿ ನೋಡಿ: ಸಾಲಿನ ನಡುವೆ ಇರಬೇಕಾದದ್ದು ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ತಪ್ಪು ಎಂದು ಅದು ಹೇಳುವುದಿಲ್ಲ, ಆದರೆ ಅಭ್ಯಾಸವಾದ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಇದೇ ಸ್ವಭಾವ ಆವೃತ್ತಿ 4ರಲ್ಲಿ ಕಾಟವನ್ನೂ ಕೊಡಬಲ್ಲದು. ಅಲ್ಲಿ ಥೀಮ್ (ನಮ್ಮದೇ ಬಣ್ಣ, ಅಳತೆಗಳ ಪಟ್ಟಿ) ಇರುವುದು ಜಾವಾಸ್ಕ್ರಿಪ್ಟ್ ಕಡತದಲ್ಲಲ್ಲ, ಸಿಎಸ್‌ಎಸ್‌ನಲ್ಲೇ. ಆ ಕಡತ ಎಲ್ಲಿದೆ ಎಂದು ‘ಟೇಲ್‌ವಿಂಡ್‌ಸ್ಟೈಲ್‌ಶೀಟ್’ ಆಯ್ಕೆಯಲ್ಲಿ ತಿಳಿಸದಿದ್ದರೆ ನಮ್ಮದೇ ಬಣ್ಣಗಳೆಲ್ಲ ಅಪರಿಚಿತರಾಗಿ ಮುಂದಕ್ಕೆ ಓಡುತ್ತವೆ. ಕ್ಲಾಸ್‌ಗಳನ್ನು ಕೂಡಿಸಿಕೊಡುವ ‘ಸಿಎನ್’, ‘ಸಿವಿಎ’ ಥರದ ಫಂಕ್ಷನ್‌ಗಳ ಒಳಗಿನ ಕ್ಲಾಸ್‌ಗಳೂ ಅಷ್ಟೆ, ಆ ಫಂಕ್ಷನ್‌ಗಳ ಹೆಸರು ಕೊಟ್ಟರೆ ಮಾತ್ರ ವಿಂಗಡಣೆಗೆ ಸಿಗುತ್ತವೆ.

ಆದರೆ ಪ್ರೆಟಿಯರ್ ನ್ಯಾಯ ತೀರ್ಮಾನ ಮಾಡುವುದಿಲ್ಲ. ಒಂದೇ ಎಲಿಮೆಂಟ್‌ಗೆ ‘ಪಿ-4 ಪಿ-2’ ಎಂದು ಎರಡು ಬೇರೆ ಪ್ಯಾಡಿಂಗ್ ಬರೆದಿದ್ದೀರಿ ಎನ್ನಿ. ಕೊನೆಯಲ್ಲಿ ಬರೆದದ್ದು ಗೆಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಗೆಲ್ಲುವುದು ಪಿ-4, ಏಕೆಂದರೆ ಸ್ಟೈಲ್‌ಶೀಟ್‌ನಲ್ಲಿ ಅದು ಪಿ-2ರ ನಂತರ ಬರುತ್ತದೆ. ಪ್ರೆಟಿಯರ್ ಇವೆರಡನ್ನೂ ‘ಪಿ-2 ಪಿ-4’ ಎಂದು ನೀಟಾಗಿ ಜೋಡಿಸಿಟ್ಟು ಸುಮ್ಮನಾಗುತ್ತದೆ. ಎರಡರಲ್ಲಿ ಒಂದು ಏಕಿದೆ ಎಂದು ಕೇಳಬೇಕಾದದ್ದು ಲಿಂಟರ್, ಅಂದರೆ ಕೋಡ್‌ನಲ್ಲಿ ತಪ್ಪು ಹುಡುಕುವ ಸಾಧನ.

ಜಾವಾಸ್ಕ್ರಿಪ್ಟ್‌ನ ಲಿಂಟರ್ ಆದ ಇಎಸ್‌ಲಿಂಟ್ ಕಡೆ ಎರಡು ಪ್ಲಗಿನ್‌ಗಳಿವೆ. ಹಳೆಯದಾದ ‘ಇಎಸ್‌ಲಿಂಟ್-ಪ್ಲಗಿನ್-ಟೇಲ್‌ವಿಂಡ್‌ಸಿಎಸ್‌ಎಸ್’ ಆವೃತ್ತಿ 3ರ ಜೊತೆ ಚೆನ್ನಾಗಿ ಹೊಂದಿಕೊಂಡಿತ್ತು. ಪರಸ್ಪರ ವಿರುದ್ಧ ಕ್ಲಾಸ್‌ಗಳು, ಪಟ್ಟಿಯಲ್ಲಿಲ್ಲದ ಕ್ಲಾಸ್‌ಗಳು, ಚೌಕಾಕಾರದ ಆವರಣದೊಳಗೆ ಸುಮ್ಮನೆ ಬರೆದ ಅಳತೆಗಳು ಎಲ್ಲವನ್ನೂ ಹಿಡಿಯುತ್ತದೆ. 1.25 ರೆಮ್ ಮಾರ್ಜಿನ್ ಎಂದು ಕೈಯಾರೆ ಬರೆದರೆ ‘ಎಂ-5 ಇದೆಯಲ್ಲ’ ಎನ್ನುವಂಥದ್ದು. ಆದರೆ ಅದು ಬೆಳೆದದ್ದು ಹಳೆಯ ಜಾವಾಸ್ಕ್ರಿಪ್ಟ್ ಸಂರಚನೆಯ ಸುತ್ತ. ಆವೃತ್ತಿ 3ರಲ್ಲೇ ಉಳಿಯುವವರು ಅದನ್ನು ಬಿಡಬೇಕಾಗಿಲ್ಲ.

4ಕ್ಕೆ ಹೋಗುವವರಿಗೆ ನಾನು ಹೇಳುವುದು ‘ಬೆಟರ್-ಟೇಲ್‌ವಿಂಡ್‌ಸಿಎಸ್‌ಎಸ್’ ಪ್ಲಗಿನ್. ಮೊದಲು ‘ರೀಡಬಲ್-ಟೇಲ್‌ವಿಂಡ್’ ಎಂಬ ಹೆಸರಿತ್ತು. ಸಿಎಸ್‌ಎಸ್ ಕಡತವನ್ನು ನೇರವಾಗಿ ಓದುತ್ತದೆ. ಸಿಎನ್, ಸಿವಿಎ, ಸಿಎಲ್‌ಎಸ್‌ಎಕ್ಸ್ ಇವುಗಳ ಪರಿಚಯ ಅದಕ್ಕೆ ಮೊದಲೇ ಇದೆ. ಅಗಲ, ಎತ್ತರ ಹೇಳುವ ‘ಡಬ್ಲ್ಯು-10 ಎಚ್-10’ ಜೋಡಿಯನ್ನು ‘ಸೈಜ್-10’ ಮಾಡಿಕೊಡುತ್ತದೆ. ‘ಫ್ಲೆಕ್ಸ್-ಶ್ರಿಂಕ್’ ಬದಲು ‘ಶ್ರಿಂಕ್’ ಬಳಸಿ ಎನ್ನುತ್ತದೆ. ಒಂದು ಸ್ಟೈಲ್‌ಗೆ ಆದ್ಯತೆ ಕೊಡುವ ಆಶ್ಚರ್ಯಸೂಚಕ ಚಿಹ್ನೆ ಕ್ಲಾಸ್‌ನ ಮುಂದೆಯೋ ಹಿಂದೆಯೋ ಎಂಬ ಗೊಂದಲವನ್ನೂ ಬಗೆಹರಿಸುತ್ತದೆ. ಕರೂಸೆಲ್ ಥರದ ಹೊರಗಿನ ಲೈಬ್ರರಿಗಳ ಕ್ಲಾಸ್‌ಗಳನ್ನು ಮಾತ್ರ ವಿನಾಯಿತಿ ಪಟ್ಟಿಗೆ ಹಾಕಬೇಕು, ಇಲ್ಲದಿದ್ದರೆ ಮೊದಲ ದಿನವೇ ಪರದೆ ತುಂಬ ಕೆಂಪು.

ಅದರ ಸಾಲು ಮುರಿಯುವ ನಿಯಮವನ್ನು ಪ್ರೆಟಿಯರ್ ಜೊತೆಗೆ ಇಟ್ಟುಕೊಳ್ಳಬೇಡಿ. ಉದ್ದನೆಯ ಕ್ಲಾಸ್ ಪಟ್ಟಿಯನ್ನು ಒಂದು ನಾಲ್ಕು ಸಾಲಿಗೆ ಹರಡುತ್ತದೆ, ಇನ್ನೊಂದು ಮತ್ತೆ ಒಂದೇ ಸಾಲಿಗೆ ಎಳೆಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ವಿಂಗಡಣೆಯ ನಿಯಮವೂ ಎರಡರಲ್ಲಿ ಒಂದರಲ್ಲೇ ಇರಲಿ.

ಬಯೋಮ್ ವಿಷಯ ಚುಟುಕಾಗಿ ಮುಗಿಸುತ್ತೇನೆ. ಜೋಡಣೆ, ತಪಾಸಣೆ ಎರಡನ್ನೂ ಮಾಡುವ ಸಾಧನ, ರಸ್ಟ್ ಭಾಷೆಯಲ್ಲಿ ಬರೆದದ್ದು, ವೇಗದ ಬಗ್ಗೆ ಎರಡು ಮಾತಿಲ್ಲ. ಆದರೆ ಕ್ಲಾಸ್‌ಗಳನ್ನು ವಿಂಗಡಿಸುವ ಅದರ ‘ಯೂಸ್‌ಸಾರ್ಟೆಡ್‌ಕ್ಲಾಸಸ್’ ನಿಯಮ ನಾನು ನೋಡಿದಾಗ ಇನ್ನೂ ನರ್ಸರಿ (ಪ್ರಯೋಗದ ಹಂತದ) ವಿಭಾಗದಲ್ಲೇ ಇತ್ತು, ತಿದ್ದುಪಡಿಯನ್ನು ‘ಅನ್‌ಸೇಫ್’ ಎಂದೇ ಗುರುತಿಸಿತ್ತು, ನಮ್ಮ ಥೀಮ್ ಅನ್ನು ಓದುತ್ತಿರಲಿಲ್ಲ. ಮೊದಲೇ ಬಯೋಮ್‌ನಲ್ಲಿರುವ ತಂಡ ಅದನ್ನು ಬಳಸಿಕೊಳ್ಳಲಿ. ಇದೊಂದಕ್ಕಾಗಿ ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ವಿಎಸ್ ಕೋಡ್‌ನ ಟೇಲ್‌ವಿಂಡ್ ಇಂಟೆಲಿಸೆನ್ಸ್ ಕೂಡ ಪಿ-4, ಪಿ-2 ಜಗಳಕ್ಕೆ ಹಳದಿ ಗೆರೆ ಎಳೆಯುತ್ತದೆ, ಆದರೆ ಆ ಎಚ್ಚರಿಕೆ ಎಡಿಟರ್‌ನೊಳಗೇ ಉಳಿಯುತ್ತದೆ, ಬಿಲ್ಡ್ ಅನ್ನು ತಡೆಯುವುದಿಲ್ಲ.

ಯಾವ ಸಾಧನಕ್ಕೂ ಸಿಗದ ತಪ್ಪುಗಳೂ ಇವೆ. ಬಣ್ಣದ ಹೆಸರನ್ನು ವೇರಿಯಬಲ್‌ನಲ್ಲಿಟ್ಟು ‘ಬಿಜಿ-’ ಮತ್ತು ‘-500’ ನಡುವೆ ಸೇರಿಸಿದರೆ ಲಿಂಟರ್‌ಗೂ ಪೂರ್ಣ ಹೆಸರು ಕಾಣುವುದಿಲ್ಲ, ಟೇಲ್‌ವಿಂಡ್‌ಗೂ ಕಾಣುವುದಿಲ್ಲ, ಆ ಬಣ್ಣ ಸಿಎಸ್‌ಎಸ್‌ಗೆ ಬರುವುದೇ ಇಲ್ಲ. ಇದಕ್ಕಿಂತ ಕುತಂತ್ರಿ ‘ಶ್ಯಾಡೋ-ಎಸ್‌ಎಂ’. ಈ ಹೆಸರು 3ರಲ್ಲೂ ಇದೆ, 4ರಲ್ಲೂ ಇದೆ, ಆದರೆ 3ರ ‘ಶ್ಯಾಡೋ-ಎಸ್‌ಎಂ’ 4ರಲ್ಲಿ ‘ಶ್ಯಾಡೋ-ಎಕ್ಸ್‌ಎಸ್’ ಆಗಿದೆ. 3ರ ಬರಿಯ ‘ಶ್ಯಾಡೋ’ ಬಂದು ‘ಶ್ಯಾಡೋ-ಎಸ್‌ಎಂ’ ಜಾಗದಲ್ಲಿ ಕೂತಿದೆ. ಹೆಸರು ಸಿಂಧುವಾಗಿರುವುದರಿಂದ ಲಿಂಟರ್ ಸುಮ್ಮನಿರುತ್ತದೆ, ನೆರಳು ಮಾತ್ರ ದಪ್ಪವಾಗಿರುತ್ತದೆ. ಹಾಗಾಗಿ ಅಧಿಕೃತ ಅಪ್‌ಗ್ರೇಡ್ ಸಾಧನವನ್ನು ಮೊದಲು ಓಡಿಸಿ, ಲಿಂಟರ್ ಅನ್ನು ಆಮೇಲೆ ಹಾಕಿ.

ನಾನು ಉಳಿಸಿಕೊಂಡದ್ದು: ವಿಂಗಡಣೆಗೆ ಪ್ರೆಟಿಯರ್, ತಪಾಸಣೆಗೆ ಬೆಟರ್ ಪ್ಲಗಿನ್. ಅಪರಿಚಿತ, ವಿರುದ್ಧ, ಹಳತಾದ ಕ್ಲಾಸ್‌ಗಳಿಗೆ ಎರರ್. ಸೈಜ್-10 ಥರದ ಸಲಹೆಗಳಿಗೆ ಬರಿಯ ಎಚ್ಚರಿಕೆ. ಹಳೆಯ ರೆಪೊಗೆ ಇದನ್ನು ಸೇರಿಸುವವರು ಮೊದಲ ಬಾರಿಯ ವಿಂಗಡಣೆಯನ್ನು ಪ್ರತ್ಯೇಕ ಕಮಿಟ್ ಮಾಡಿ, ಅದರ ಹ್ಯಾಶ್ (ಗುರುತಿನ ಸಂಖ್ಯೆ) ಅನ್ನು ಗಿಟ್‌ನ ಬ್ಲೇಮ್ (ಯಾವ ಸಾಲನ್ನು ಯಾರು ಬದಲಿಸಿದರು ಎಂದು ತೋರಿಸುವ ಆಜ್ಞೆ) ಇಗ್ನೋರ್ ಕಡತಕ್ಕೆ ಸೇರಿಸಲಿ. ಇಲ್ಲದಿದ್ದರೆ ಅರ್ಧ ಪ್ರಾಜೆಕ್ಟ್‌ನ ಸಾಲುಗಳಿಗೆ ಪ್ಲಗಿನ್ ಹಾಕಿದವರೇ ಹೊಣೆ ಎಂದು ಬ್ಲೇಮ್ ತೋರಿಸುತ್ತದೆ.