ಮಲೆನಾಡಿನ ಮಳೆಗಾಲದಲ್ಲಿ ಒಂಬತ್ತು ಲೀಟರಿನ ಓವನ್

ಓವನ್ ಕೊಳ್ಳುವ ಮೊದಲು ನಾನು ಅಂಗಡಿಯ ಪಟ್ಟಿಗಿಂತ ಹೆಚ್ಚು ಹೊತ್ತು ನೋಡಿದ್ದು ಮನೆಯ ಕರೆಂಟ್ ಬಿಲ್ಲನ್ನು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಉಚಿತವೆಂದು ಎಲ್ಲರೂ ಹೇಳುತ್ತಾರಾದರೂ, ಮನೆಮನೆಗೆ ಸಿಗುವುದು 2022–23ರ ಸರಾಸರಿ ಬಳಕೆಯನ್ನು ಆಧರಿಸಿ ನಿಗದಿಯಾದ ಯೂನಿಟ್ ಮಾತ್ರ; ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಮೂಡಿಗೆರೆ ಕಡೆಯ ಅನೇಕ ಮನೆಗಳಂತೆ ನಮ್ಮಲ್ಲಿಯೂ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯಲ್ಲಿ. ಹಾಗಾಗಿ ನಮ್ಮ ಹಳೆಯ ಬಳಕೆ ಕಡಿಮೆ, ಅದಕ್ಕೆ ತಕ್ಕಂತೆ ಮಿತಿಯೂ ಕಡಿಮೆ. ಇದರ ಜೊತೆಗೆ ಅಡುಗೆಮನೆಯಲ್ಲಿದ್ದದ್ದು 6 ಆಂಪಿಯರಿನ ಸಾಧಾರಣ ಪ್ಲಗ್ಗು. 1500 ವ್ಯಾಟಿನ ಮೂವತ್ತು ಲೀಟರ್ ಓವನ್ನಿಗೆ ಅದು ಸಾಲದು, ಹೊಸ ಪವರ್ ಪ್ಲಗ್ ಹಾಕಿಸಬೇಕು. 800 ವ್ಯಾಟಿನ ಒಂಬತ್ತು ಲೀಟರಿನದ್ದು ಮೂರೂವರೆ ಆಂಪಿಯರಿನಲ್ಲಿ ನಡೆದುಹೋಗುತ್ತದೆ. ಚಿಕ್ಕದನ್ನೇ ತಂದೆವು.

ಉಳಿತಾಯದ ಬಗ್ಗೆ ಹೇಳುವುದಾದರೆ, ಅದು ಮುಖ್ಯವಾಗಿ ಮೊದಲ ಕೆಲವು ನಿಮಿಷಗಳಲ್ಲಿದೆ. ದೊಡ್ಡ ಓವನ್ನಿನ ಹೊಟ್ಟೆ ಬಿಸಿಯಾಗುವ ಹನ್ನೆರಡು ನಿಮಿಷಕ್ಕೆ 0.3 ಯೂನಿಟ್ ಹೋದರೆ, ಚಿಕ್ಕದು ಏಳು ನಿಮಿಷದಲ್ಲಿ ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆಯಲ್ಲಿ ಸಿದ್ಧವಾಗುತ್ತದೆ, ಮತ್ತು ಮುಕ್ಕಾಲು ಗಂಟೆ ಬಿಡದೆ ಉರಿದರೂ 0.6 ಯೂನಿಟ್ ದಾಟುವುದಿಲ್ಲ. ಆದರೆ ಈ ಲೆಕ್ಕ ನಡೆಯುವುದು ಮೂರು–ನಾಲ್ಕು ಜನರ ಮನೆಯಲ್ಲಿ ಮಾತ್ರ. ಒಂದೇ ಹಿಟ್ಟನ್ನು ಎರಡು–ಮೂರು ಸಲ ಬೇಯಿಸಬೇಕಾದ ತುಂಬು ಸಂಸಾರಕ್ಕೆ ಇದು ಉಳಿಸುವುದೇನೂ ಇಲ್ಲ, ಹೊತ್ತನ್ನಂತೂ ತಿನ್ನುತ್ತದೆ.

ಬೇಯಿಸುವುದರಲ್ಲಿ ಇದರ ಗುಣ ಸಾಧಾರಣ. ಮೇಲಿನ ಕಾಯುವ ಕಂಬಿಗೂ ತಿಂಡಿಗೂ ನಡುವೆ ನಾಲ್ಕು ಬೆರಳಿನ ಅಂತರವಷ್ಟೇ ಇರುವುದರಿಂದ ಕೇಕಿನ ನೆತ್ತಿ ಕಪ್ಪಾದರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಅರ್ಧ ಬೆಂದ ಮೇಲೆ ಫಾಯಿಲ್ ಹೊದಿಸದೆ ಗತ್ಯಂತರವಿಲ್ಲ. ತೆಳ್ಳಗೆ ಲಟ್ಟಿಸಿದ ಖಾರಾ ಬಿಸ್ಕತ್ತು ಮಾತ್ರ ಚೆನ್ನಾಗಿ ಬರುತ್ತದೆ. ಅಯ್ಯಂಗಾರ್ ಬೇಕರಿಗಳ ತವರಾದ ಹಾಸನ ಪಕ್ಕದಲ್ಲೇ ಇರುವಾಗ ಬ್ರೆಡ್ಡನ್ನು ಇದರಲ್ಲಿ ಮಾಡಬೇಕೆಂಬ ಹಟ ನನಗಂತೂ ಇಲ್ಲ. ಇದಕ್ಕಿಂತ ಬೇಸರ ತರಿಸುವುದು ಸಂಜೆಯ ವೋಲ್ಟೇಜು. ಕಂಬಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ಅನುಗುಣವಾಗಿ ಇಳಿಯುವುದರಿಂದ, 230 ಇರಬೇಕಾದಲ್ಲಿ 180 ಬಂದರೆ 800 ವ್ಯಾಟಿನ ಓವನ್ 490 ವ್ಯಾಟಿನದ್ದಾಗಿಬಿಡುತ್ತದೆ. ಹಾಗೆಂದು ಕರೆಂಟ್ ಉಳಿಯಿತೆಂದು ಸಂತೋಷಪಡುವಂತಿಲ್ಲ. ಬೇಯುವ ಹೊತ್ತು ಹಿಗ್ಗುತ್ತದೆ, ಅಷ್ಟು ಹೊತ್ತೂ ತೆಳು ತಗಡಿನ ಮೈಯಿಂದ ಶಾಖ ಸೋರುತ್ತಲೇ ಇರುತ್ತದೆ. ಈ ಕಾರಣಕ್ಕೆ ನಾವೀಗ ಓವನ್ ಹಚ್ಚುವುದು ಬೆಳಗಿನ ತಿಂಡಿ ಮುಗಿದ ಮೇಲೆ.

ಇಷ್ಟೇ ಆಗಿದ್ದರೆ ಅದು ಈ ಹೊತ್ತಿಗೆ ಅಟ್ಟ ಸೇರಿರುತ್ತಿತ್ತು. ಅದನ್ನು ಉಳಿಸಿದ್ದು ಆಷಾಢದ ಜಡಿಮಳೆ. ಆ ದಿನಗಳಲ್ಲಿ ಇಲ್ಲಿ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಬಿಗಿಯಾಗಿ ಮುಚ್ಚಿಟ್ಟ ಡಬ್ಬದಲ್ಲಿಯೂ ಚಕ್ಕುಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಸೌದೆ ಒಲೆಯ ಕಾಲದಲ್ಲಿ ಅದರ ಮೇಲಿನ ಅಟ್ಟವೇ ಇವನ್ನೆಲ್ಲ ಒಣಗಿಸಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಅನುಕೂಲ ಹೋಯಿತು. ಈಗ ಬಿಸ್ಕತ್ತಿನ ತಟ್ಟೆಯನ್ನು ಹೊರಗೆ ತೆಗೆದು ಸ್ವಿಚ್ ಆರಿಸಿದ ಕೂಡಲೇ, ಮೆತ್ತಗಾದ ಚಕ್ಕುಲಿ, ಕೋಡುಬಳೆಗಳನ್ನು ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಒಳಗಿಡುತ್ತೇನೆ. ಬಾಗಿಲನ್ನು ಪೂರ್ತಿ ಮುಚ್ಚದೆ, ಸಂದಿಗೆ ಮರದ ಸೌಟಿನ ಹಿಡಿಯನ್ನು ಸಿಕ್ಕಿಸಿ ಬಿಡುವುದು ಮುಖ್ಯ. ಇಲ್ಲವಾದರೆ ತಿಂಡಿಯಿಂದ ಹೊರಟ ತೇವ ಗಾಜಿನ ಮೇಲೆ ಹನಿಗಟ್ಟಿ ಒಳಗೇ ಉಳಿಯುತ್ತದೆ. ಕಾಲು ಗಂಟೆಯ ನಂತರ ತೆಗೆದಾಗಲೂ ಅವು ಮೆತ್ತಗೆಯೇ ಇರುತ್ತವೆ, ಗರಿಗರಿಯಾಗುವುದು ಹೊರಗೆ ತಣಿದ ಮೇಲೆ. ಬಿಸಿಯಿದ್ದಾಗಲೇ ಡಬ್ಬಕ್ಕೆ ತುಂಬಿದರೆ ಬೆವತು ಮೊದಲಿಗಿಂತ ಕೆಡುತ್ತವೆ. ಓವನ್ ಬಂದ ದಿನ ಮೂಗು ಮುರಿದಿದ್ದ ನಮ್ಮ ಅತ್ತೆಯವರು ಈಗ ಬಿಸ್ಕತ್ತು ಬೇಯುವುದಕ್ಕೂ ಮೊದಲೇ ಕೋಡುಬಳೆಯ ಡಬ್ಬ ತಂದು ಪಕ್ಕದಲ್ಲಿಡುತ್ತಾರೆ. ಇದೇ ಸರದಿಯಲ್ಲಿ ರವೆ, ಹುರಿಗಡಲೆ, ಕೊನೆಗೆ ಉಪ್ಪು ಕೂಡ ಒಳಗೆ ಹೋಗುತ್ತವೆ, ಮತ್ತು ಇದಕ್ಕೆ ಮೀಟರ್ ಒಂದು ಸುತ್ತೂ ಹೆಚ್ಚು ತಿರುಗುವುದಿಲ್ಲ.

ಬಿಲ್ಲಿನ ಮಟ್ಟಿಗೆ ಹೇಳಬೇಕೆಂದರೆ, ವಾರಕ್ಕೆರಡು ಸಲದ ಬಳಕೆಯಿಂದ ನಮ್ಮ ಮಿತಿ ದಾಟಿಲ್ಲ. ಚೂರು ಬೀಳುವ ಕೆಳತಟ್ಟೆಗೆ ಮಾತ್ರ ಮೊದಲ ಮಳೆಗಾಲದಲ್ಲಿಯೇ ತುಕ್ಕು ಹಿಡಿಯಿತು. ಹಾಗಾಗಿ ಮಲೆನಾಡಿನವರು ನೂರಿನ್ನೂರು ರೂಪಾಯಿ ಹೆಚ್ಚಾದರೂ ಸ್ಟೀಲಿನ ತಟ್ಟೆಯಿರುವ ಮಾದರಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.