ದಕ್ಷಿಣ ಏಷ್ಯಾ ಸಂಶೋಧಕರ ಮೂರು ಬಳಗ: ಯಾವುದು ಯಾರಿಗೆ?

ದಕ್ಷಿಣ ಏಷ್ಯಾದ ಮೇಲೆ ಕೆಲಸ ಮಾಡುವವರಿಗೆ ದುಡ್ಡೂ ಕಡಿಮೆ, ರಜೆಯೂ ಕಡಿಮೆ. ಎಲ್ಲ ಸಮ್ಮೇಳನಕ್ಕೂ ಹೋಗೋಕಾಗಲ್ಲ. ಮೂರು ಕಡೆ ಪೇಪರ್ ಓದಿ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು.

ಅಮೆರಿಕದ ಅಸೋಸಿಯೇಷನ್ ಫಾರ್ ಏಷ್ಯನ್ ಸ್ಟಡೀಸ್, ಅಂದರೆ ಎಎಎಸ್, ಇವುಗಳಲ್ಲಿ ದೊಡ್ಡದು. ಶುರುವಾಗಿದ್ದು 1941ರಲ್ಲಿ. ಚೀನಾ, ಜಪಾನ್, ಆಗ್ನೇಯ ಏಷ್ಯಾ ಎಲ್ಲವೂ ಅದರೊಳಗೇ ಇವೆ, ನಮ್ಮದು ಒಂದು ಮೂಲೆ. ಒಂದೇ ಹೊತ್ತಿಗೆ ಹತ್ತಾರು ಪ್ಯಾನಲ್, ಅಂದರೆ ಒಂದು ವಿಷಯದ ಮೇಲೆ ಕೆಲವರು ಪೇಪರ್ ಓದುವ ಗೋಷ್ಠಿ, ನಡೆಯುತ್ತವೆ. ಜೊತೆಗಾರರನ್ನು ಕಟ್ಟಿಕೊಂಡು ಹೋದವರಿಗೆ ಲಾಭ ಜಾಸ್ತಿ. ಆದರೆ ಅಲ್ಲಿನ ಪುಸ್ತಕ ಮಳಿಗೆಗಳಿಗೆ ಸಾಟಿಯಿಲ್ಲ. ವಿಶ್ವವಿದ್ಯಾಲಯ ಪ್ರೆಸ್‌ಗಳ ಸಂಪಾದಕರು ಎದುರಿಗೇ ಸಿಗುತ್ತಾರೆ. ಹಸ್ತಪ್ರತಿ ಕೈಯಲ್ಲಿದ್ದರೆ ಇಲ್ಲಿಗೇ ಹೋಗಿ.

ಅಮೆರಿಕದ್ದೇ ಆದ ಮ್ಯಾಡಿಸನ್ ಊರಿನ ಸಮ್ಮೇಳನ ಪೂರ್ತಿ ನಮ್ಮದೇ, ಅಂದರೆ ದಕ್ಷಿಣ ಏಷ್ಯಾದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1971ರಿಂದ ನಡೆಸುತ್ತಿದೆ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ತಾಲ್ಲೂಕು ಅಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪ್ಯಾನಲ್‌ಗಿಂತ ಲಿಫ್ಟ್ ಮುಂದಿನ ಮಾತೇ ಎಷ್ಟೋ ಸಲ ಚೆನ್ನಾಗಿರುತ್ತದೆ. ಆದಷ್ಟು ಮುಖ್ಯ ಸಮ್ಮೇಳನಕ್ಕಿಂತ ಮೊದಲೇ ತಲುಪಿ. ಒಂದೇ ವಿಷಯದ ಮೇಲಿನ ಪೂರ್ವ ಗೋಷ್ಠಿಗಳು ಇರುವುದು ಆಗ.

ನನ್ನ ಓಟು ಮಾತ್ರ ಯುರೋಪಿನ ಈಸಾಸ್‌ಗೆ, ಅಂದರೆ ಯುರೋಪಿಯನ್ ಅಸೋಸಿಯೇಷನ್ ಫಾರ್ ಸೌತ್ ಏಷ್ಯನ್ ಸ್ಟಡೀಸ್‌ಗೆ. ಸಮ್ಮೇಳನ ಎರಡು ವರ್ಷಕ್ಕೊಮ್ಮೆ, ಊರು ಬದಲಾಗುತ್ತಿರುತ್ತದೆ: 2018ರಲ್ಲಿ ಪ್ಯಾರಿಸ್, ಕೋವಿಡ್‌ನಿಂದ ಮುಂದೆ ಹೋಗಿ 2021ರಲ್ಲಿ ವಿಯೆನ್ನಾ, 2023ರಲ್ಲಿ ಟೂರಿನ್. ಮೊದಲು ಪ್ಯಾನಲ್‌ಗಳನ್ನು ಆರಿಸುತ್ತಾರೆ, ಆಮೇಲೆ ಅವುಗಳಿಗೆ ಪೇಪರ್ ಕರೆಯುತ್ತಾರೆ. ಹಾಗಾಗಿ ಯಾರ ಪರಿಚಯವೂ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಯೂ ತನ್ನ ವಿಷಯದವರ ಜೊತೆಗೇ ಕೂರಬಹುದು. ನಾನು ಕೆರೆ ನೀರಿನ ಹಂಚಿಕೆ ಬಗ್ಗೆ ಓದಿದ್ದೆ. ಅದೇ ಪ್ಯಾನಲ್‌ನಲ್ಲಿ ನೇಪಾಳದ ಕಾಲುವೆಗಳ ಬಗ್ಗೆ ಓದಿದವರೊಬ್ಬರು ಕೇಳಿದರು: "ನಿಮ್ಮ ನೀರುಗಂಟಿ ಲೆಕ್ಕ ಒಪ್ಪಿಸುತ್ತಿದ್ದದ್ದು ಯಾರಿಗೆ? ಊರಿಗೋ, ಸರ್ಕಾರಕ್ಕೋ?" ಆ ಒಂದು ಪ್ರಶ್ನೆಗೆ ಲೇಖನದ ಅರ್ಧ ಭಾಗ ತಿರುಗಿ ಬರೆಯಬೇಕಾಯಿತು. ಇಂಥ ಪ್ರಶ್ನೆ ಕೇಳುವವರು ಸಿಗಬೇಕು ಅಂತಲೇ ಅಲ್ವಾ ಅಷ್ಟು ದೂರ ಹೋಗೋದು?

ಇನ್ನು ವೀಸಾ. ನಮ್ಮ ಭಾಗದ ಬಗ್ಗೆ ಮಾತಾಡೋಕೆ ನಾವೇ ಪಶ್ಚಿಮಕ್ಕೆ ಹಾರಬೇಕು. ಎಎಎಸ್ 2014ರಲ್ಲಿ ಸಿಂಗಾಪುರದಿಂದ ಶುರುಮಾಡಿ ಏಷ್ಯಾದಲ್ಲೂ ಸಮ್ಮೇಳನ ನಡೆಸುತ್ತಿದೆ, ಒಳ್ಳೆಯದೇ. ಆದರೆ 2018ರಲ್ಲಿ ಅದು ದೆಹಲಿಗೆ ಬಂದಾಗ ಭಾರತ ಸರ್ಕಾರ ಪಾಕಿಸ್ತಾನದ ವಿದ್ವಾಂಸರಿಗೆ ವೀಸಾ ಕೊಡಲಿಲ್ಲ. ಯಾವ ಬಳಗ ಆರಿಸಿದರೂ ನೋಂದಣಿ ಶುಲ್ಕ ಕಟ್ಟುವ ಮೊದಲು ವೀಸಾ ಸಂದರ್ಶನಕ್ಕೆ ಯಾವ ತಾರೀಕು ಖಾಲಿ ಇದೆ ನೋಡಿಕೊಳ್ಳಿ.