ಮಾಲ್‌ನಲ್ಲಿ ಮೇಜು ಹಾಕಿಕೊಂಡವರಿಗೆ ಓಟಿಪಿ ಹೇಳುವ ಮುನ್ನ

ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೊದಲ ಕೆಲಸ ಮಾಡುತ್ತಿದ್ದ ಕಾಲ. ಜೊತೆಯವರ ಹತ್ತಿರವೆಲ್ಲ ಕ್ರೆಡಿಟ್ ಕಾರ್ಡ್ ಇತ್ತು. ನಾನೂ ಆ್ಯಪ್‌ನಲ್ಲಿ ಅರ್ಜಿ ಹಾಕಿದೆ, ರಿಜೆಕ್ಟ್. ಹಠಕ್ಕೆ ಬಿದ್ದು ಅದೇ ವಾರ ಇನ್ನೂ ಮೂರು ಕಡೆ ಹಾಕಿದೆ, ಮೂರೂ ರಿಜೆಕ್ಟ್.

ಜನ್ಮದಲ್ಲಿ ಸಾಲ ಮಾಡದವನಿಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ ಅಂತ ಸಿಟ್ಟು ಬಂದಿತ್ತು. ಆಮೇಲೆ ಸಿಬಿಲ್ ರಿಪೋರ್ಟ್ ತೆಗೆಸಿ ನೋಡಿದೆ; ಜನರ ಸಾಲದ ಲೆಕ್ಕ ಇಟ್ಟು ಅಂಕ ಕೊಡುವ ಕಂಪನಿ ಈ ಸಿಬಿಲ್. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ; ನನ್ನದು ಮೈನಸ್ ಒಂದು, ಅಂದರೆ ಹಿಂದಿನ ಲೆಕ್ಕವೇ ಇಲ್ಲ. ಆ ಖಾಲಿ ರಿಪೋರ್ಟಿನಲ್ಲಿ ಇದ್ದದ್ದು ನಾಲ್ಕು ಬ್ಯಾಂಕುಗಳು ಒಂದೇ ವಾರದಲ್ಲಿ ವಿಚಾರಿಸಿದ ಗುರುತು ಮಾತ್ರ. ಯಾರೇ ನೋಡಿದರೂ ದುಡ್ಡಿಗೆ ಪರದಾಡ್ತಿದ್ದಾನೆ ಅಂದುಕೊಳ್ಳಬೇಕು, ಹಾಗಿತ್ತು.

ಇಂಥ ಹೊತ್ತಲ್ಲೇ ಮೈಸೂರಿನ ಒಂದು ಮಾಲ್‌ನಲ್ಲಿ, ಎಸ್ಕಲೇಟರ್ ಪಕ್ಕ ಮೇಜು ಹಾಕಿದ್ದ ಹುಡುಗ ಸಿಕ್ಕಿದ. 'ಸ್ಯಾಲರಿ ಸ್ಲಿಪ್ ಇದ್ರೆ ಸಾಕು ಸಾರ್. ಲೈಫ್‌ಟೈಮ್ ಫ್ರೀ, ಒಂದ್ ರೂಪಾಯಿನೂ ಇಲ್ಲ.' ಟ್ಯಾಬ್ ಅವನ ಕೈಯಲ್ಲೇ ಇತ್ತು. ಷರತ್ತುಗಳ ಪುಟವನ್ನು ಹೆಬ್ಬೆರಳಲ್ಲಿ ಸರ್ರನೆ ಮೇಲೆ ತಳ್ಳಿ, 'ಓಟಿಪಿ ಬಂತಾ ಸಾರ್?' ಅಂದ. ಹೇಳಿದೆ. ಎರಡನೇದೂ ಬಂತು, ಅದನ್ನೂ ಹೇಳಿದೆ. ಯಾತಕ್ಕೆ ಅಂತ ಕೇಳಲೇ ಇಲ್ಲ, ನನ್ನ ದಡ್ಡತನ.

ಕಾರ್ಡ್ ಬಂತು. ಅಮ್ಮ 'ಇದೆಲ್ಲ ಯಾಕೆ ಮಗಾ' ಅಂದಿದ್ದಕ್ಕೆ ಬೀರುವಿನಲ್ಲಿ ಇಟ್ಟೆ, ಒಂದು ಸಲವೂ ಉಜ್ಜಲಿಲ್ಲ. ಮೂರು ತಿಂಗಳಾದ ಮೇಲೆ ವಸೂಲಿಯವರ ಫೋನು! ವಾರ್ಷಿಕ ಶುಲ್ಕ 499, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. ಅದನ್ನು ಕಟ್ಟಿಲ್ಲ ಅಂತ ಲೇಟ್ ಫೀ, ಲೇಟ್ ಫೀಗೂ ಜಿಎಸ್‌ಟಿ, ತಿಂಗಳಿಗೆ ಶೇ 3.5 ಬಡ್ಡಿ. ಬಾಕಿ 1,800 ದಾಟಿತ್ತು. ಬಿಲ್ಲುಗಳು ಹೋಗಿದ್ದು ಒಂದಕ್ಷರ ತಪ್ಪಿದ ಮೇಲ್ ಐಡಿಗೆ. ಎಸ್‌ಎಂಎಸ್‌ಗಳನ್ನು ನಾನೇ ಜಾಹೀರಾತು ಅಂತ ಅಳಿಸಿದ್ದೆ.

ಜಗಳ ಆಡಿದೆ, 'ಓಟಿಪಿ ಕೊಟ್ಟು ಒಪ್ಪಿದ್ದೀರಲ್ಲ' ಅಂದರು. ಬಾಕಿ ಕಟ್ಟಿ ಕ್ಲೋಸ್ ಮಾಡಿಸಿದೆ. ಬಾಕಿ ತೀರಿದ ಮೇಲೆ ಕೇಳಿದರೆ ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ ಇದೆ. ಈ ಮಾತು ಎತ್ತಿದ ಮೇಲೇ ಕೆಲಸ ಓಡಿದ್ದು.

ಹೊಸಬರು ಮಾಡಬೇಕಾದ್ದನ್ನು ನನಗೆ ಹೇಳಿದ್ದು ನಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನ ಮೇಡಂ. 'ಇಪ್ಪತ್ತು ಸಾವಿರ ಎಫ್‌ಡಿ ಇಡಪ್ಪ, ಅದರ ಮೇಲೇ ಕಾರ್ಡ್ ಕೊಡ್ತೀವಿ, ಸ್ಕೋರೇ ಬೇಡ' ಅಂದರು. ಎಫ್‌ಡಿ ಬಡ್ಡಿ ಬರುತ್ತಲೇ ಇರುತ್ತದೆ, ಕಾರ್ಡ್ ಇರುವ ತನಕ ಮುರಿಯುವ ಹಾಗಿಲ್ಲ, ಅಷ್ಟೇ. ಈಗ ಅದರಲ್ಲಿ ಪೆಟ್ರೋಲ್, ಫೋನ್ ಬಿಲ್ ಮಾತ್ರ. ಕಡೇ ದಿನಕ್ಕೆ ಮೊದಲೇ ಪೂರ್ತಿ ಮೊತ್ತ ಕಟ್ಟುತ್ತೇನೆ, ಸ್ವಲ್ಪ ಕಟ್ಟಿ ಮಿಕ್ಕಿದ್ದಕ್ಕೆ ಬಡ್ಡಿ ತೆರುವ 'ಮಿನಿಮಮ್ ಡ್ಯೂ' ಕಡೆ ಕಣ್ಣೂ ಹಾಯಿಸಲ್ಲ.

ಹಳೇ ಕಾರ್ಡಿನ ಲೇಟ್ ಗುರುತು ಮಾತ್ರ ಸಿಬಿಲ್ ರಿಪೋರ್ಟಿನಲ್ಲಿ ಇನ್ನೂ ಕೂತಿದೆ. ಅಲ್ಲಿ 36 ತಿಂಗಳ ಪಾವತಿ ಕಾಣುತ್ತದೆ. ನನ್ನದಿನ್ನೂ ಹನ್ನೊಂದು ಕಳೆದಿದೆ.